ಮಗ್ಗುಲು ಬದಲಿಸುವ ಮೂವತ್ತೊಂದು ಹೆಜ್ಜೆಗಳು

ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರನ್ನು ಕುರಿತು ಬರೆಯುವಾಗ ಅವರು ಎಷ್ಟು ಜೀವ ಉಳಿಸಿದರು ಎಂದು ಹೇಳುವುದು ವಾಡಿಕೆ. ನಮ್ಮ ಮೇಡಂ ಅವರ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅವರು ನರ್ಸಾಗಿ ವಾರ್ಡಿನಲ್ಲಿ ಕೆಲಸ ಮಾಡಿದ್ದು ಆರು ವರ್ಷ, ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಿದ್ದು ಹತ್ತು ವರ್ಷ. ಉಳಿದ ಇಪ್ಪತ್ತೆರಡು ವರ್ಷ ಅವರು ಹಿಡಿದದ್ದು ಒಂದೇ ಕೆಲಸ. ರೋಗಿಯನ್ನು ಎತ್ತುವವರು, ಮೈ ತೊಳೆಯುವವರು, ಮಗ್ಗುಲು ಬದಲಿಸುವವರು, ಗಾಲಿಕುರ್ಚಿ ತಳ್ಳುವವರು ಏನನ್ನು ಕಲಿತಿರಬೇಕು, ಅದನ್ನು ಹೇಗೆ ಕಲಿಸಬೇಕು, ಕಲಿತಿದ್ದಾರೆಂದು ಯಾರು ಹೇಗೆ ನೋಡಿ ಹೇಳಬೇಕು ಎಂಬುದನ್ನು ಅವರು ಬರೆದಿಟ್ಟರು. ಅದಕ್ಕೆ ಮುಂಚೆ ನಮ್ಮಂಥವರ ಕೆಲಸಕ್ಕೆ ಕಲಿಕೆ ಎಂಬುದೊಂದು ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದ ಮೊದಲ ದಿನವೇ ನಾವು ಆಯಾಗಳಾಗಿಬಿಡುತ್ತಿದ್ದೆವು. ಇಂದು ವಾರ್ಡ್ ಸಹಾಯಕರ ಅರ್ಹತಾ ಪ್ರಮಾಣಪತ್ರವಿಲ್ಲದೆ ಯಾರೂ ರೋಗಿಯ ಮೈ ಮುಟ್ಟುವಂತಿಲ್ಲ. ಈ ಒಂದು ಬದಲಾವಣೆಯ ಹಿಂದೆ ಇರುವವರು ಮೇಡಂ.

ಈ ಅಭಿನಂದನಾ ಗ್ರಂಥದ ಸಂಪಾದಕ ಮಂಡಳಿಯವರು ನನಗೆ ಕೊಟ್ಟ ವಿಷಯ "ಮೇಡಂ ಅವರ ಮಾನವೀಯತೆ". ಅವರ ಕೈಕೆಳಗೆ ಕಲಿತವರಲ್ಲಿ ಹಿರಿಯಳು ನಾನೇ ಆದ್ದರಿಂದ ಇದು ಸುಲಭವಾದೀತು ಎಂದು ಅವರು ತಿಳಿದರು. ಒಪ್ಪಿಕೊಂಡು ಬರೆಯಲು ಕುಳಿತ ಮೇಲೆ ಗೊತ್ತಾಯಿತು, ಈ ವಿಷಯದಲ್ಲಿ ನನಗೇ ಇಪ್ಪತ್ತೊಂದು ವರ್ಷದಿಂದ ಒಂದು ಗೊಂದಲ ಬಗೆಹರಿದಿಲ್ಲ. ಮೇಡಂ ಅವರು ತಮ್ಮ ಪಾಠಪಟ್ಟಿಯ ಬಹುಪಾಲನ್ನು ನನ್ನ ಕೆಲಸ ನೋಡಿ ಬರೆದರು. ಆ ಪಾಠಪಟ್ಟಿಯ ಮೊದಲ ಪರೀಕ್ಷೆಯಲ್ಲಿ ನನ್ನನ್ನೇ ಫೇಲು ಮಾಡಿದರು. ಅದು ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು. ತಿಳಿಯದುದನ್ನು ತಿಳಿದಂತೆ ಬರೆದರೆ ಮೊದಲು ಬೈಯುವವರು ಮೇಡಂ ಅವರೇ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಅವರು ಮೊದಲು ನಮ್ಮ ಹೆಂಗಸರ ಮೂಳೆ ವಾರ್ಡಿಗೆ ಬಂದಾಗ ನಾನು ಅಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೆ. ಇಪ್ಪತ್ತಾರು ಮಂಚಗಳ ಉದ್ದನೆಯ ಕೋಣೆ, ಎರಡೂ ಬದಿಗೆ ಎತ್ತರದ ಕಿಟಕಿ, ಕೊನೆಯಲ್ಲಿ ಬಟ್ಟೆ ಇಡುವ ಪುಟ್ಟ ಕೋಣೆ. ಮೇಡಂ ಒಂದು ಕಬ್ಬಿಣದ ಸ್ಟೂಲು ಎಳೆದುಕೊಂಡು ಎಂಟನೆಯ ಮಂಚದ ಬಳಿ ಕಿಟಕಿಗೆ ಒರಗಿ ಕುಳಿತರು. ತೊಡೆಯ ಮೇಲೆ ಕಾಗದಗಳ ಕಟ್ಟು, ಕೈಯಲ್ಲಿ ಪೆನ್ಸಿಲು. ನಾವೆಲ್ಲ ಇದು ತಪಾಸಣೆ ಎಂದುಕೊಂಡೆವು. ಯಾರನ್ನು ಕೆಲಸದಿಂದ ತೆಗೆಯಬೇಕೆಂದು ನೋಡಲು ಕಳಿಸಿದ್ದಾರೆ ಎಂದು ಸುದ್ದಿ ಹಬ್ಬಿತು. ನಮ್ಮ ಹೆಡ್ ಸಿಸ್ಟರ್ ಬಾಯಿಬಡುಕಿ, ಆದರೆ ಮನಸ್ಸು ಹೂವು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಆಯಮ್ಮ ಬರೀತಿರೋದನ್ನ ಒಂಚೂರು ಇಣುಕಿ ನೋಡೇ. ನನ್ನ ಬಗ್ಗೆ ಏನಾದ್ರೂ ಇದ್ರೆ ಹೇಳು. ನಿನ್ನ ಬಗ್ಗೆ ಇದ್ರೆ ಸುಮ್ನಿದ್ದುಬಿಡು" ಎಂದರು.

ಇಣುಕಿ ನೋಡಿದೆ. "ಎಡಗಾಲು ಮುಂದೆ, ಮಂಡಿ ಸ್ವಲ್ಪ ಬಾಗಿದೆ" ಎಂದು ಬರೆದಿತ್ತು. ಅದು ನನ್ನ ಕಾಲು.

ನನಗಿಂತ ಮೂರು ವರ್ಷ ದೊಡ್ಡವರಾದರೂ ಅವರು ಅಂದಿನಿಂದ ಇಂದಿನವರೆಗೆ ನನ್ನನ್ನು ಕರೆಯುವುದು ಅಕ್ಕಾ ಎಂದೇ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕೇಳಿದರು. "ಅಕ್ಕಾ, ಈಗ ಯಾಕೆ ನಿಂತ್ರಿ?"

"ಎಲ್ಲಿ ನಿಂತೆ?"

"ಆ ಅಜ್ಜೀನ ತಿರುಗಿಸೋಕೆ ಕೈ ಹಾಕಿದ್ರಿ. ಆಮೇಲೆ ಒಂದು ಕ್ಷಣ ಸುಮ್ನೆ ನಿಂತ್ರಿ. ಆಮೇಲೆ ತಿರುಗಿಸಿದ್ರಿ."

ನಾನು ನಿಂತದ್ದು ನನಗೆ ಗೊತ್ತಿರಲಿಲ್ಲ. ಮುಂದಿನ ಮಂಚದಲ್ಲಿ ಗಮನಿಸಿದೆ. ರೋಗಿ ಉಸಿರು ಹೊರಗೆ ಬಿಡುವವರೆಗೂ ನನ್ನ ಕೈ ಕಾಯುತ್ತಿತ್ತು. ಉಸಿರು ಬಿಟ್ಟಾಗ ಮೈ ಸಡಿಲವಾಗುತ್ತದೆ, ಆಗ ನೋವು ಕಡಿಮೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಕೈ ತಾನಾಗಿ ಕಲಿತು ನನಗೆ ಹೇಳದೆ ಇಟ್ಟುಕೊಂಡಿತ್ತು. ಇದು ತಿಳಿದ ಮೇಲೆ ಒಂದು ವಾರ ನನ್ನ ಅವಸ್ಥೆ ಯಾರಿಗೂ ಬೇಡ. ಪ್ರತಿ ಮಂಚದ ಬಳಿಯೂ ಯಾವ ಕಾಲು ಮುಂದೆ, ಯಾವ ಕೈ ಕೆಳಗೆ ಎಂದು ಯೋಚನೆ ಬಂದು ಎಲ್ಲ ತೊಡರಿಕೊಂಡಿತು. ಒಮ್ಮೆ ರೋಗಿಯ ಬದಲು ದಿಂಬನ್ನು ತಿರುಗಿಸಿ ನಿಂತಿದ್ದೆ. "ಚೆನ್ನಾಗಿದ್ದ ಆಯಾನ ಕೆಡಿಸಿಬಿಟ್ರಿ ಮೇಡಂ" ಎಂದು ಹೆಡ್ ಸಿಸ್ಟರ್ ಗೊಣಗಿದರು. ಮೇಡಂ ಅದನ್ನೂ ಬರೆದುಕೊಂಡರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವ ಒಂದೇ ಕೆಲಸಕ್ಕೆ ಮೂವತ್ತೊಂದು ಹೆಜ್ಜೆಗಳ ಪಟ್ಟಿಯಾಯಿತು. ಅಂದಿನಿಂದ ಅವರಿಗೆ ಪಟ್ಟಿ ಮೇಡಂ ಎಂಬ ಹೆಸರು ಬಿತ್ತು. ಅವರಿಗೂ ಅದು ಗೊತ್ತು. ಬಟ್ಟೆ ಕೋಣೆಯಲ್ಲಿ ಮಡಿಸಿದ ಚಾದರಗಳ ಮೇಲೆ ಕೂರಿಸಿ ನನಗೆ ಅದನ್ನು ಓದಿ ಹೇಳಿದರು. ನಾನು ಅಷ್ಟೆಲ್ಲ ಮಾಡುವುದಿಲ್ಲ ಎಂದೆ. ಮಾಡುತ್ತೀರಿ ಎಂದರು. ನಾಲ್ಕನೆಯ ಹೆಜ್ಜೆಗೆ ನಕ್ಷತ್ರದ ಗುರುತು ಹಾಕಿದ್ದರು. ಮುಟ್ಟುವ ಮೊದಲು ಏನು ಮಾಡಲಿದ್ದೀರಿ ಎಂದು ರೋಗಿಗೆ ಹೇಳಿ, ಒಪ್ಪಿಗೆ ಕೇಳಿ, ಉತ್ತರಕ್ಕೆ ಕಾಯುವುದು. ನಕ್ಷತ್ರವಿರುವ ಹೆಜ್ಜೆ ತಪ್ಪಿದರೆ ಉಳಿದ ಮೂವತ್ತೂ ಸರಿಯಿದ್ದರೂ ಫೇಲು.

"ಇದಕ್ಯಾಕೆ ಮೇಡಂ ಅಷ್ಟೊಂದು?" ಎಂದು ಕೇಳಿದೆ. "ಕೈ ಜಾರಿದ್ರೆ ಫೇಲು ಮಾಡಿ, ಒಪ್ಕೋತೀನಿ. ಮಾತಾಡ್ಲಿಲ್ಲ ಅಂತ ಫೇಲಾ?"

"ಎಂಟನೇ ಮಂಚದ ಅಜ್ಜಿ ಹೇಳಿದ್ರು ಅಕ್ಕಾ. ಬೇರೆಯವರದ್ದು ಮೊದಲು ಕೈ ಬರುತ್ತೆ, ನಿಮ್ಮದು ಮೊದಲು ದನಿ ಬರುತ್ತೆ ಅಂತ. ಇದು ನಿಮ್ಮಿಂದಲೇ ಬಂದಿದ್ದು."

ಆ ವರ್ಷ ಅವರು ನಮಗಾಗಿ ಮಾಡಿದ ಎರಡು ಉಪಕಾರಗಳನ್ನು ಇಲ್ಲಿ ದಾಖಲಿಸಬೇಕು. ಪರೀಕ್ಷೆ ಬರವಣಿಗೆಯಲ್ಲೇ ಇರಬೇಕೆಂದು ಆಸ್ಪತ್ರೆಯ ತರಬೇತಿ ಸಮಿತಿ ಪಟ್ಟು ಹಿಡಿದಿತ್ತು. ನಮ್ಮಲ್ಲಿ ಅರ್ಧ ಜನಕ್ಕೆ ಹೆಸರು ಬರೆಯುವುದೇ ಕಷ್ಟ. ಮೇಡಂ ಮೂರು ಸಭೆಗಳಲ್ಲಿ ಜಗಳವಾಡಿ, ಕೇಳಿದ್ದಕ್ಕೆ ಬಾಯಲ್ಲಿ ಹೇಳಬಹುದು, ಮಾಡಿ ತೋರಿಸಬಹುದು ಎಂಬ ನಿಯಮ ತಂದರು. ಎರಡನೆಯದು ನಮ್ಮ ಕುರ್ಚಿಗಳು. ಆಯಾಗಳು ಕೂರಲು ಇಡೀ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು, ಯಾರಾದರೂ ಬಂದರೆ ಏಳುತ್ತಿದ್ದೆವು. ಕುರ್ಚಿ ಕೊಡಿ ಎಂದು ಕೇಳಿದರೆ ಸಿಗುವುದಿಲ್ಲವೆಂದು ಬಲ್ಲ ಮೇಡಂ, ವಾರಕ್ಕೆ ನಾಲ್ಕು ಗಂಟೆ ತರಗತಿ ಎಂದು ಪಾಠಪಟ್ಟಿಯಲ್ಲಿ ಸೇರಿಸಿದರು. ತರಗತಿ ಎಂದಮೇಲೆ ಕೋಣೆ ಬೇಕು, ಕೋಣೆ ಎಂದಮೇಲೆ ಕುರ್ಚಿ ಬೇಕು. ಹದಿನೆಂಟು ಕುರ್ಚಿ ಬಂದವು. ಮೊದಲ ದಿನ ನಾವು ಪಾಠ ಕೇಳಲಿಲ್ಲ, ಸುಮ್ಮನೆ ಕೂತಿದ್ದೆವು. ಅವರೂ ಪಾಠ ಮಾಡಲಿಲ್ಲ.

ಆಮೇಲೆ ಆದೇಶ ಬಂತು. ಪ್ರಮಾಣಪತ್ರ ಪಡೆಯದವರು ರೋಗಿಗಳನ್ನು ಮುಟ್ಟುವಂತಿಲ್ಲ. ಪರೀಕ್ಷೆಗೆ ಎರಡು ಅವಕಾಶ, ನಡುವೆ ಮೂರು ತಿಂಗಳು. ಎರಡರಲ್ಲೂ ಫೇಲಾದವರು ಉಳಿದ ನೌಕರಿಯನ್ನೆಲ್ಲ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕಳೆಯಬೇಕು. ಇದು ಮೇಡಂ ಬಯಸಿದ್ದೋ, ಮೇಲಿನವರು ಅವರ ಕೈಯಲ್ಲಿ ಬರೆಸಿದ್ದೋ ನನಗೆ ಸ್ಪಷ್ಟವಿಲ್ಲ. ಮೇಲಿನವರೇ ಎಂದು ಹೆಡ್ ಸಿಸ್ಟರ್ ಹೇಳುತ್ತಿದ್ದರು. ಆದೇಶದ ಕೆಳಗೆ ಇದ್ದದ್ದು ಮೇಡಂ ಅವರ ಸಹಿ.

ಪರೀಕ್ಷೆಯ ದಿನ ತರಬೇತಿ ಕೋಣೆಯಲ್ಲಿ ಮಂಚದ ಮೇಲೆ ಒಂದು ಗೊಂಬೆ ಮಲಗಿಸಿದ್ದರು. ಆಳೆತ್ತರದ ರಬ್ಬರ್ ಗೊಂಬೆ, ಕೀಲುಗಳೆಲ್ಲ ಬಾಗುತ್ತವೆ, ಕಣ್ಣು ಸದಾ ತೆರೆದಿರುತ್ತದೆ. ಮೇಡಂ ಒಬ್ಬರು ಪರೀಕ್ಷಕರು, ಹೊರಗಿನಿಂದ ಬಂದ ವೈದ್ಯರು ಇನ್ನೊಬ್ಬರು. ನನಗಿಂತ ಮೊದಲು ನನ್ನ ನಾದಿನಿಯ ಸರದಿ. ಅವಳೂ ನಮ್ಮ ಆಸ್ಪತ್ರೆಯಲ್ಲೇ ಮಕ್ಕಳ ವಾರ್ಡಿನಲ್ಲಿದ್ದಳು. ಬಾಗಿಲ ಸಂದಿಯಿಂದ ನೋಡಿದೆ. ಗೊಂಬೆಯ ಕಡೆ ಬಗ್ಗಿ, "ಅಮ್ಮಾ, ನಿಮ್ಮನ್ನ ಎಡಗಡೆಗೆ ತಿರುಗಿಸ್ತೀನಿ, ಆಗ್ಬಹುದಾ?" ಎಂದಳು. ಸ್ವಲ್ಪ ಕಾದಳು. ಗೊಂಬೆ ಒಪ್ಪಿತೆಂಬಂತೆ ತಾನೇ ತಲೆಯಾಡಿಸಿದಳು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡೆ.

ನನ್ನ ಸರದಿ ಬಂದಾಗ ಕೈಗಳು ತಮ್ಮ ಕೆಲಸವನ್ನು ತಾವು ಮಾಡಿದವು. ಮಂಚದ ಗಾಲಿಗೆ ತಡೆ ಹಾಕಿದೆ, ಎತ್ತರ ಸರಿಮಾಡಿದೆ, ಮೊಣಕಾಲ ನಡುವೆ ದಿಂಬಿಟ್ಟೆ, ಹಿಮ್ಮಡಿ ಹಾಸಿಗೆಗೆ ಉಜ್ಜದಂತೆ ನೋಡಿಕೊಂಡೆ. ಹೊರಗಿನ ವೈದ್ಯರು, "ಭೇಷ್. ಇವರದ್ದು ನೋಡೋಕೇ ಚೆಂದ" ಎಂದರು. ಮೇಡಂ ಮಾತ್ರ, "ಮುಗೀತಾ ಅಕ್ಕಾ?" ಎಂದು ಕೇಳಿದರು.

"ಮುಗೀತು ಮೇಡಂ."

"ಮೊದಲಿಂದ ಒಂದ್ಸಲ ಯೋಚನೆ ಮಾಡಿ. ಏನಾದ್ರೂ ಉಳಿದಿದೆಯಾ?"

"ಏನಿಲ್ಲ."

"ಬೇಕಿದ್ರೆ ಇನ್ನೊಂದು ಸಲ ಮಾಡಬಹುದು. ಟೈಮಿದೆ."

"ಯಾಕೆ ಮೇಡಂ, ಸರಿಯಾಯ್ತಲ್ಲ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬರೆದರು. ಸಂಜೆ ಫಲಿತಾಂಶ ಹಚ್ಚಿದಾಗ ನನ್ನ ಸಾಲಿನಲ್ಲಿ ಮೂವತ್ತು ಅಂಕ, ಪಕ್ಕದಲ್ಲಿ ಅನುತ್ತೀರ್ಣ. ನಾಲ್ಕನೆಯ ಹೆಜ್ಜೆ ಮಾಡಿರಲಿಲ್ಲ. ಗೊಂಬೆಯ ಜೊತೆ ನಾನು ಮಾತಾಡಿರಲಿಲ್ಲ. ಮರೆತದ್ದಲ್ಲ. ಅದಕ್ಕೆ ಹೇಳಬೇಕೆಂದು ತೋಚಲೇ ಇಲ್ಲ. ಕೇಳುವವರು ಯಾರೂ ಅಲ್ಲಿರಲಿಲ್ಲ.

ಅಂದು ನಾದಿನಿಯೂ ನಾನೂ ಒಟ್ಟಿಗೆ ಮನೆಗೆ ನಡೆದೆವು. ಅರ್ಧ ದಾರಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲ ಅತ್ತಿಗೆ, ಗೊಂಬೆ ಹತ್ರ ಎರಡು ಮಾತಾಡೋಕೆ ನಿಮಗೇನ್ ಬಂದಿತ್ತು?"

"ಅದಕ್ಕೆ ಜೀವ ಇಲ್ವಲ್ಲೇ."

"ಪರೀಕ್ಷೆಗೂ ಜೀವ ಇಲ್ಲ. ಜೀವ ಇಲ್ದಿರೋದಕ್ಕೆ ಸುಳ್ಳು ಹೇಳಿದ್ರೆ ಯಾರಿಗೇನು ನಷ್ಟ?"

"ನೀನು ವಾರ್ಡಲ್ಲಿ ಯಾವತ್ತಾದ್ರೂ ಮಕ್ಕಳನ್ನ ಕೇಳಿ ಎತ್ತಿದ್ದೀಯಾ?"

"ಕೇಳಿದ್ರೆ ಅವು ಬೇಡ ಅಂತಾವೆ. ಯಾರು ಕೇಳ್ತಾರೆ?" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ನನ್ನ ಕೈಚೀಲ ಕಿತ್ತುಕೊಂಡು ತಾನೇ ಹೊತ್ತಳು.

ಮರುದಿನದಿಂದ ಎರಡನೆಯ ಪರೀಕ್ಷೆಯವರೆಗೆ ನಾನು ಲಾಂಡ್ರಿಯಲ್ಲಿ, ಅವಳು ನನ್ನ ಜಾಗದಲ್ಲಿ ಮೂಳೆ ವಾರ್ಡಿನಲ್ಲಿ. ಕೆಳಮಹಡಿಯ ಆ ಕೋಣೆಯಲ್ಲಿ ಹಬೆ, ಸೋಪಿನ ಘಾಟು, ಕಿವುಡಾಗಿಸುವ ಯಂತ್ರ. ಅಲ್ಲಿಯೂ ನನ್ನ ಕಣ್ಣು ವಾರ್ಡನ್ನೇ ಹುಡುಕುತ್ತಿತ್ತು. ಚಾದರದ ನಡುವೆ ಕಂಡ ಸಣ್ಣ ಕಲೆಯಿಂದ ಯಾರಿಗೋ ಬೆನ್ನು ಹುಣ್ಣು ಶುರುವಾಗಿದೆ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುತ್ತಿಲ್ಲ ಎಂದು ಹೇಳಬಲ್ಲವಳಾಗಿದ್ದೆ. ಹೇಳಿದರೆ ಕೇಳುವವರಿರಲಿಲ್ಲ. ಇನ್ನೊಂದು ಸಲ ಫೇಲಾದರೆ ಮುಂದಿನ ಇಪ್ಪತ್ತನಾಲ್ಕು ವರ್ಷ ಇದೇ ಗತಿ. ಮೇಡಂ ಒಂದು ದಿನವೂ ಕೆಳಗಿಳಿದು ಬರಲಿಲ್ಲ.

ಒಂದು ತಿಂಗಳಾಗಿರಬೇಕು. ಮೇಡಂ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ನಮ್ಮ ವಾರ್ಡಿಗೇ ಬಂದರು. ಅವರ ಮಗ್ಗುಲು ಬದಲಿಸುವಾಗಲೆಲ್ಲ ಕೂಗು ಲಾಂಡ್ರಿಯ ಮೆಟ್ಟಿಲವರೆಗೂ ಕೇಳುತ್ತಿತ್ತು ಎಂದು ಜನ ಹೇಳಿದರು. ಎರಡನೆಯ ದಿನ ಮಧ್ಯಾಹ್ನ ಹೆಡ್ ಸಿಸ್ಟರ್ ಹಬೆಯ ನಡುವಿನಿಂದ ಬಂದು ನನ್ನ ಒದ್ದೆ ಕೈ ಹಿಡಿದರು.

"ಬಾರೇ ಮೇಲಕ್ಕೆ. ನಿನ್ನ ನಾದಿನಿ ಕೈಲಿ ಆಗ್ತಿಲ್ಲ. ಮೇಡಂ ತಾಯಿ ಏನಂತಾರೆ ಗೊತ್ತಾ? ಈ ಹುಡುಗಿ ತಿರುಗಿಸ್ತೀನಿ ಅಂತ ಹೇಳ್ತಾಳೆ, ತಿರುಗಿಸ್ಲಾ ಅಂತ ಕೇಳಲ್ಲ ಅಂತಾರೆ."

"ನಾನು ಮುಟ್ಟೋ ಹಾಗಿಲ್ವಲ್ಲ ಸಿಸ್ಟರ್."

"ಪರದೆ ಎಳೀತೀನಿ. ಯಾರೂ ನೋಡಲ್ಲ. ಬಾ."

ಹೋದೆ. ಪರದೆಯ ಒಳಗೆ ಮೇಡಂ ನಿಂತಿದ್ದರು. ಅವರ ತಾಯಿ ಕಣ್ಣು ಮುಚ್ಚಿ, ಮಂಚದ ಕಂಬಿ ಹಿಡಿದು, ಬಿಗಿದ ಮೈಯಲ್ಲಿ ಮಲಗಿದ್ದರು. ನಾನು ಕೈ ಒರೆಸಿಕೊಂಡು ಮುಂದೆ ಬಂದೆ.

"ಮುಟ್ಟಬೇಡಿ ಅಕ್ಕಾ" ಎಂದರು ಮೇಡಂ.

ಹೆಡ್ ಸಿಸ್ಟರ್‌ಗೆ ಸಿಟ್ಟು ನೆತ್ತಿಗೇರಿತು. "ಹಾಸಿಗೆ ಮೇಲಿರೋದು ನಿಮ್ಮ ತಾಯಿ ಮೇಡಂ, ನಿಮ್ಮ ಪಟ್ಟಿ ಅಲ್ಲ."

ಮೇಡಂ ಬಟ್ಟೆಯ ತೋಳನ್ನು ಮೇಲಕ್ಕೆ ಮಡಿಸಿಕೊಂಡರು. "ಅಕ್ಕಾ, ನೀವು ಹೇಳ್ತಾ ಹೋಗಿ. ನಾನು ಮಾಡ್ತೀನಿ."

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕಟ್ಟಿಕೊಳ್ಳದಿದ್ದರೆ ಅವು ತಾವಾಗಿ ಮುಂದೆ ಬರುತ್ತಿದ್ದವು. ಮೂವತ್ತೊಂದು ಹೆಜ್ಜೆಗಳನ್ನೂ ಬರೆದವರು ಮೇಡಂ, ಆದರೆ ಅವರ ಕೈ ಭುಜವನ್ನು ಹಿಡಿಯಬಾರದ ಕಡೆ ಹಿಡಿಯಿತು. "ಅಲ್ಲಲ್ಲ ಮೇಡಂ, ಕೈ ತೆಗೀರಿ. ಮೊದಲು ಅವರನ್ನ ಕೇಳಿ" ಎಂದೆ.

ಮೇಡಂ ಬಗ್ಗಿ ಕೇಳಿದರು. "ಅಮ್ಮಾ, ಗೋಡೆ ಕಡೆಗೆ ತಿರುಗಿಸ್ಲಾ?"

"ಬೇಡ" ಎಂದರು ತಾಯಿ.

ಮೇಡಂ ನನ್ನ ಮುಖ ನೋಡಿದರು. ಪಟ್ಟಿಯಲ್ಲಿ ಉತ್ತರಕ್ಕೆ ಕಾಯಬೇಕೆಂದಿತ್ತು, ಬೇಡ ಎಂಬ ಉತ್ತರ ಬಂದರೆ ಏನು ಮಾಡಬೇಕೆಂದು ಇರಲಿಲ್ಲ. ನಾಲ್ಕು ತಿಂಗಳು ನನ್ನ ಪಕ್ಕ ಕೂತು ನೋಡಿದರೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬೇಡ ಎಂದವರ ಮಂಚ ಬಿಟ್ಟು ನಾನು ಮುಂದಿನ ಮಂಚಕ್ಕೆ ಹೋಗಿ, ತಿರುಗಿ ಬರುತ್ತಿದ್ದೆ. ಬರೆಯುತ್ತಿದ್ದವರಿಗೆ ಅದು ಬೇರೆ ಕೆಲಸದಂತೆ ಕಂಡಿತ್ತು.

"ಕಾಯೋದು ಮೇಡಂ" ಎಂದೆ.

ಮೂವರೂ ನಿಂತೆವು. ಹೆಡ್ ಸಿಸ್ಟರ್ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಆ ತಾಯಿ ಕಂಬಿ ಹಿಡಿದಿದ್ದ ಬೆರಳು ಸಡಿಲಿಸಿ, "ಹೂಂ, ಈಗ" ಎಂದರು. ನಾನು ಒಂದೊಂದಾಗಿ ಹೇಳಿದೆ. ಉಸಿರು ನೋಡಿ, ಈಗ ಬೇಡ, ಈಗ. ಮೇಡಂ ತಿರುಗಿಸಿದರು. ಚೆನ್ನಾಗಿ ಬರಲಿಲ್ಲ, ಆದರೂ ಕೂಗು ಕೇಳಲಿಲ್ಲ.

ಹನ್ನೊಂದು ದಿನ ಹೀಗೆ ನಡೆಯಿತು. ಬೆಳಿಗ್ಗೆಯೂ ಮಧ್ಯಾಹ್ನವೂ ನನ್ನನ್ನು ಲಾಂಡ್ರಿಯಿಂದ ಕರೆಸುತ್ತಿದ್ದರು. ಒಮ್ಮೆಯೂ ನನಗೆ ಮುಟ್ಟಲು ಬಿಡಲಿಲ್ಲ. ನಾದಿನಿ ಮಂಚದ ಕಾಲ ಬಳಿ ನಿಂತು ನೋಡುತ್ತಿದ್ದಳು.

ಇದನ್ನು ಏನೆಂದು ಕರೆಯುವುದು? ತನ್ನ ನಿಯಮ ಉಳಿಸಿಕೊಳ್ಳಲು ಹೆತ್ತ ತಾಯಿಯನ್ನು ತನ್ನ ಕಲಿಯದ ಕೈಗೆ ಒಪ್ಪಿಸಿದರು ಎಂದು ಹೆಡ್ ಸಿಸ್ಟರ್ ಕೊನೆಯವರೆಗೂ ಅನ್ನುತ್ತಿದ್ದರು. ನನ್ನ ನಾದಿನಿ ಬೇರೆ ಹೇಳಿದಳು. "ನೀವು ಮುಟ್ಟಿದ್ದನ್ನ ಯಾರಾದ್ರೂ ನೋಡಿ ದೂರು ಕೊಟ್ಟಿದ್ರೆ ಎರಡನೇ ಪರೀಕ್ಷೆಗೆ ಕೂರಿಸ್ತಿದ್ರಾ ಅತ್ತಿಗೆ? ಮೇಡಂ ಕಾಪಾಡಿದ್ದು ನಿಮ್ಮನ್ನ." ಆ ತಾಯಿಯನ್ನೇ ಒಂದು ದಿನ ಕೇಳಿದೆ. ಅವರು ದಿಂಬಿನ ಮೇಲೇ ನಕ್ಕರು. "ಅವಳು ಚಿಕ್ಕವಳಿಂದ ಹಾಗೇ ಕಣಮ್ಮಾ. ಆಟದಲ್ಲಿ ಗೆರೆ ಎಳೆಯೋಳೂ ಅವಳೇ, ಗೆರೆ ದಾಟದೆ ಅಳ್ತಾ ನಿಲ್ಲೋಳೂ ಅವಳೇ." ಮೂರೂ ನಿಜವಿರಬಹುದು. ಒಂದೂ ಇಲ್ಲದಿರಬಹುದು.

ಎರಡನೆಯ ಪರೀಕ್ಷೆಗೆ ಮೇಡಂ ಪರೀಕ್ಷಕರಾಗಿ ಬರಲಿಲ್ಲ. ತಾಯಿಯ ಆರೈಕೆಯಲ್ಲಿ ನನ್ನ ನೆರವು ಪಡೆದ ಕಾರಣ ತಾವು ನನ್ನನ್ನು ಪರೀಕ್ಷಿಸುವುದು ಸರಿಯಲ್ಲವೆಂದು ಬರೆದುಕೊಟ್ಟಿದ್ದರು. ಗೊಂಬೆಯನ್ನೂ ತೆಗೆಸಿದ್ದರು. ಮಂಚದ ಮೇಲೆ ನರ್ಸಿಂಗ್ ಓದುವ ಒಬ್ಬ ಹುಡುಗಿ ಮಲಗಿದ್ದಳು. ಗಾಲಿಗೆ ತಡೆ ಹಾಕಿ, ಅವಳ ಕಣ್ಣು ನೋಡಿ, ತಿರುಗಿಸ್ಲಾ ಎಂದು ಕೇಳಿದೆ. ಅವಳು ಬೇಡ ಎಂದಳು. ಕೈ ಹಿಂದಕ್ಕೆ ತೆಗೆದು ನಿಂತೆ. ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಒಂಬತ್ತು ನಿಮಿಷ ನಾನು ಸುಮ್ಮನೆ ನಿಂತದ್ದು. ಗಡಿಯಾರದ ಮುಳ್ಳು ಸರಿಯುವುದು ಕಾಣುತ್ತಿತ್ತು, ಇದೇ ಕೊನೆಯ ಅವಕಾಶ ಎಂಬುದೂ ನೆನಪಿತ್ತು. ಆದರೆ ಬೇಡ ಅಂದವಳನ್ನು ಮುಟ್ಟಿ ಪಾಸಾಗುವುದು ನನ್ನ ಕೈಗೆ ಬರುತ್ತಿರಲಿಲ್ಲ. ಮತ್ತೆ ಕೇಳಿದಾಗ ಹುಡುಗಿ ಕೊನೆಗೆ ಆಗಲಿ ಎಂದಳು. ಪಾಸಾದೆ. ಅಂದಿನ ಪಟ್ಟಿಯಲ್ಲಿ ಮೂವತ್ತೆರಡು ಹೆಜ್ಜೆಗಳಿದ್ದವು. ಐದನೆಯದು ಹೊಸದು: ರೋಗಿ ಒಪ್ಪದಿದ್ದರೆ ಕಾಯುವುದು, ಮತ್ತೆ ಕೇಳುವುದು.

ಮುಂದೆ ಮೇಡಂ ನನ್ನನ್ನು ತರಬೇತಿ ವಿಭಾಗಕ್ಕೆ ಎಳೆದುಕೊಂಡರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೇಳಿಕೊಟ್ಟ ಆ ಹನ್ನೊಂದು ದಿನ ನೋಡಿಯೇ ಹೀಗೆ ತೀರ್ಮಾನಿಸಿದ್ದು ಎಂದರು. ಅವರೊಡನೆ ಹತ್ತೊಂಬತ್ತು ಆಸ್ಪತ್ರೆಗಳನ್ನು ಸುತ್ತಿದೆ. ಎಲ್ಲ ಕಡೆಯೂ ಅವರು ಮೊದಲು ಕೇಳುತ್ತಿದ್ದುದು ಆಯಾಗಳು ಎಲ್ಲಿ ಕೂರುತ್ತಾರೆ ಎಂದು. ಓದು ಬಾರದ ಒಬ್ಬಾಕೆಗೆ ಪ್ರಮಾಣಪತ್ರ ಕೊಟ್ಟಾಗ, ಅದರಲ್ಲಿರುವುದನ್ನು ಪೂರ್ತಿ ಓದಿ ಹೇಳಿ, ತನ್ನ ಹೆಸರು ಎಲ್ಲಿದೆ ಎಂದು ಅವಳ ಬೆರಳನ್ನೇ ಹಿಡಿದು ತೋರಿಸಿದರು. ನಾನು ಕೂಡ ಪರೀಕ್ಷಕಿಯಾದೆ. ನಕ್ಷತ್ರದ ಹೆಜ್ಜೆ ತಪ್ಪಿದವರನ್ನು ಫೇಲು ಮಾಡಿದ್ದೇನೆ. ಅಂಥ ದಿನ ಮನೆಗೆ ಹೋಗಿ ಊಟ ಸೇರಿಲ್ಲ.

ಆ ಮೊದಲ ಪರೀಕ್ಷೆಯ ಬಗ್ಗೆ ಅವರನ್ನು ಇಷ್ಟು ವರ್ಷಗಳಲ್ಲಿ ಮೂರು ಸಲ ಕೇಳಿದ್ದೇನೆ. ಮೊದಲ ಸಲ, "ನಿಮ್ಮನ್ನ ಬಿಟ್ಟಿದ್ರೆ ಉಳಿದವರು ನಕ್ಷತ್ರಕ್ಕೆ ಬೆಲೆ ಕೊಡ್ತಿದ್ರಾ ಅಕ್ಕಾ?" ಎಂದರು. ಬಸ್ಸಿನಲ್ಲಿ ಒಮ್ಮೆ ಕೇಳಿದಾಗ, "ಅದು ನನ್ನ ತಪ್ಪು. ಗೊಂಬೆ ಇಟ್ಟಿದ್ದೇ ತಪ್ಪು" ಎಂದು ಕಿಟಕಿಯ ಕಡೆ ತಿರುಗಿದರು. ಮೂರನೆಯ ಸಲ ಕೇಳಿದ್ದು ಅವರ ತಾಯಿ ತೀರಿಕೊಂಡ ವರ್ಷ. "ನೀವು ಗೊಂಬೆಗೂ ಹೇಳ್ತೀರಿ ಅಂತ ಅಂದ್ಕೊಂಡಿದ್ದೆ" ಎಂದರು. ಅದರ ಅರ್ಥ ನನಗಾಗಲಿಲ್ಲ. ಬಿಡಿಸಿ ಹೇಳಿ ಎಂದರೆ, ತಮಗೂ ಬಿಡಿಸಲು ಬರುವುದಿಲ್ಲ ಎಂದರು.

ನನ್ನ ಗೊಂದಲವನ್ನು ಹೆಚ್ಚಿಸಿದವಳು ನಾದಿನಿ. ಅಂದು ಗೊಂಬೆಗೆ ಸುಳ್ಳು ಹೇಳಿ ಪಾಸಾದವಳು ಅದನ್ನೇ ದಿನಕ್ಕೆ ನಲವತ್ತು ಸಲ ಬಾಯಿಪಾಠದಂತೆ ಹೇಳುತ್ತ ಬಂದಳು. ಯಾವಾಗಲೋ ಉತ್ತರಕ್ಕೆ ಕಾಯತೊಡಗಿದಳು. ಇಂದು ಮತ್ತೆ ಮಕ್ಕಳ ವಾರ್ಡಿಗೇ ಮರಳಿರುವ ಅವಳು ಮಂಡಿಯೂರಿ, ಎರಡು ವರ್ಷದ ಕೂಸಿನ ಮುಖದ ಎತ್ತರಕ್ಕೆ ಬಂದು, "ಎತ್ಕೊಳ್ಲಾ ಕಂದಾ?" ಎಂದು ಕೇಳಿ ಕಾಯುವುದನ್ನು ನಾನೇ ಹೊಸಬರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಹಾಗಾದರೆ ಮೇಡಂ ಅವರ ಗೊಂಬೆ ಕಲಿಸಿತೇ? ನನ್ನನ್ನು ಫೇಲು ಮಾಡಿದ್ದರಿಂದಲೇ ಅವಳು ಕಲಿತಳೇ? ಅಥವಾ ಹನ್ನೊಂದು ದಿನ ಮಂಚದ ಕಾಲ ಬಳಿ ನಿಂತದ್ದರಿಂದಲೇ? ಅವಳನ್ನು ಕೇಳಿದರೆ, "ಅಯ್ಯೋ ಬಿಡಿ ಅತ್ತಿಗೆ, ವಯಸ್ಸಾಯ್ತು, ಬುದ್ಧಿ ಬಂತು" ಎನ್ನುತ್ತಾಳೆ.

ಈಗ ಮೇಡಂ ನಿವೃತ್ತರಾಗಿದ್ದಾರೆ. ದೂರದ ಸಣ್ಣ ಆಸ್ಪತ್ರೆಗಳಿಗೆ ಹೋಗಿ ಸಹಾಯಕರನ್ನು ಪರೀಕ್ಷಿಸುವ ಕೆಲಸ ಮುಂದುವರಿಸಬೇಕೆಂಬುದು ಅವರ ಆಸೆ. ಅದಿಲ್ಲದೆ ಮನೆಯಲ್ಲಿ ಕೂತರೆ ಅವರು ಏನಾಗುತ್ತಾರೋ ಯೋಚಿಸಲು ನನಗೆ ಭಯವಾಗುತ್ತದೆ. ಆದರೆ ಪರೀಕ್ಷಿಸುವವರ ಕೈಯನ್ನೂ ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಒಂಬತ್ತು ವರ್ಷದ ಹಿಂದೆ ಮೇಡಂ ಅವರೇ ನಿಯಮ ಬರೆದಿದ್ದಾರೆ. ವಿಭಾಗದ ಮುಖ್ಯಸ್ಥರಿಗೆ ವಿನಾಯಿತಿ ಇತ್ತು. ಕುರ್ಚಿ ಬಿಟ್ಟ ದಿನ ವಿನಾಯಿತಿಯೂ ಹೋಯಿತು. ಹಾಗಾಗಿ ಅವರು ಅರ್ಜಿ ಹಾಕಿದ್ದಾರೆ. ಮುಂದಿನ ತಿಂಗಳ ಪರೀಕ್ಷೆಯ ಪಟ್ಟಿಯಲ್ಲಿ ಏಳನೆಯ ಹೆಸರು ಅವರದು. ಪರೀಕ್ಷಕಿ ನಾನು. ನಾನು ಒಲ್ಲೆನೆಂದು ಬರೆದುಕೊಟ್ಟೆ. ಪರೀಕ್ಷಾ ಮಂಡಳಿಯವರು, ಅವರ ಕೈಕೆಳಗೆ ಕಲಿಯದ ಪರೀಕ್ಷಕರು ಯಾರೂ ಉಳಿದಿಲ್ಲ, ಯಾರು ಕೂತರೂ ಅಷ್ಟೆ ಎಂದು ತಿರುಗಿ ಕಳಿಸಿದರು.

ಅಂದು ಮೇಡಂ ಫೋನು ಮಾಡಿದರು. "ಅಕ್ಕಾ, ನೀವೇ ಅಂತೆ."

"ಹೌದು ಮೇಡಂ."

"ಹಾಗಾದ್ರೆ ಅದು ಮುಗಿಯೋವರೆಗೂ ನಾವು ಮಾತಾಡೋದು ಬೇಡ."

ಅಷ್ಟು ಹೇಳಿ ಇಟ್ಟರು. ಲಾಂಡ್ರಿಯ ಆ ಮೊದಲ ತಿಂಗಳು ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ನಾವು ಇಷ್ಟು ದಿನ ಮಾತು ಬಿಟ್ಟದ್ದಿಲ್ಲ. ಈ ಲೇಖನದ ವರ್ಷ, ತಿಂಗಳುಗಳನ್ನು ಅವರಲ್ಲಿ ಕೇಳಿ ಸರಿಪಡಿಸಿಕೊಳ್ಳಲಾಗಲಿಲ್ಲ, ಓದುಗರು ಮನ್ನಿಸಬೇಕು.

ಅವರಿಗೆ ಈಗ ಅರವತ್ತು. ಬಲಗೈ ಮಣಿಕಟ್ಟು ನೋಯುತ್ತದೆ, ಪಟ್ಟಿ ಕಟ್ಟಿಕೊಳ್ಳುತ್ತಾರೆ. ಭುಜ ಹಿಡಿಯುವ ಜಾಗ ಅವರಿಗೆ ಎಂದೂ ಸರಿಯಾಗಿ ಬಂದಿಲ್ಲ. ಕಳೆದ ವಾರ ಸಂಜೆ ತರಬೇತಿ ಕೋಣೆಯ ಮುಂದೆ ಹಾದು ಹೋಗುವಾಗ ಒಳಗೆ ದೀಪವಿತ್ತು. ನನ್ನ ನಾದಿನಿ ಮಂಚದ ಮೇಲೆ ಮಲಗಿ, "ಅಲ್ಲಲ್ಲ ಮೇಡಂ, ಇನ್ನೂ ಸ್ವಲ್ಪ ಕೆಳಗೆ ಹಿಡೀರಿ" ಎನ್ನುತ್ತಿದ್ದಳು. ನಾನು ನೋಡಬಾರದೆಂದು ಬೇಗ ಬೇಗ ನಡೆದುಬಿಟ್ಟೆ.

ಈ ಗ್ರಂಥ ಓದುಗರ ಕೈಸೇರುವ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ. ನಾನು ಏನು ಬರೆದೆನೆಂದು ನಿಮಗೆ ಗೊತ್ತಿರುತ್ತದೆ, ಬರೆಯುತ್ತಿರುವ ನನಗೆ ಗೊತ್ತಿಲ್ಲ. ಅವರ ಕೈ ತಪ್ಪಿದರೆ, ತಪ್ಪಿದೆ ಎಂದು ಬರೆಯುವ ಶಕ್ತಿ ನನಗಿದೆಯೋ, ಇದ್ದರೆ ಅದು ಒಳ್ಳೆಯದೋ, ಹೇಳಲಾರೆ. ಅಂದು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದಾಗ ಅವರಿಗೂ ಹೀಗೇ ಆಗಿತ್ತೇನೋ.

ನಮ್ಮ ಮೇಡಂ ಬಹುಕಾಲ ಬಾಳಲಿ. ಅವರ ಮಣಿಕಟ್ಟಿನ ನೋವು ಕಡಿಮೆಯಾಗಲಿ. ಅವರು ಹೆಜ್ಜೆ ಬರೆಯಬೇಕಾದ ಕೆಲಸಗಳು ಇನ್ನೂ ಬಹಳ ಉಳಿದಿವೆ, ಅವಕ್ಕೆಲ್ಲ ಅವರಿಗೆ ಬಲ ಸಿಗಲಿ. ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತೂವರೆಗೇ ಬಂದು ಕೂರಲಿ. ಹತ್ತರ ಮೇಲೆ ಬಂದವರನ್ನು ಒಳಗೆ ಬಿಡುವ ಅಧಿಕಾರ ನನಗಿಲ್ಲ.